ಕಲ್ಲು ಉಗುಳುವ ಬೊಂಡಾಸ್ ಮೋಸ ಮಾಡುತ್ತಿಲ್ಲ

ಕುಂದಾಪುರ ಕಡೆಯ ಒಬ್ಬ ತಾಯಿ ಉದ್ದದ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

"ಮಗಳಿಗೆ ಎಂಟು ವರ್ಷ. ನನ್ನ ತಮ್ಮ ದುಬೈಯಿಂದ ಬರುವಾಗ ನಿಂಟೆಂಡೊ ಸ್ವಿಚ್ ಅನ್ನುವ ಆಟದ ಯಂತ್ರ ಮತ್ತು ಸೂಪರ್ ಮಾರಿಯೋ ಗ್ಯಾಲಕ್ಸಿ ಆಟ ತಂದುಕೊಟ್ಟ. 2025ರಲ್ಲಿ ಬಂದ, ಎರಡೂ ಭಾಗ ಸೇರಿರುವ ಆಟ. ಮೊದಲ ವಾರ ಖುಷಿಯಾಗಿ ಆಡಿದಳು. ಈಗ ಬಾಯಿಂದ ಕಲ್ಲು ಉಗುಳುವ ಒಂದು ಆಕ್ಟೋಪಸ್ ಥರದ ಶತ್ರು ಬಂದಿದೆ. ಅದಕ್ಕೆ ಅವಳು ಬೊಂಡಾಸ್ (ನಮ್ಮ ಕಡೆ ಸ್ಕ್ವಿಡ್‌ಗೆ ಹೀಗನ್ನುತ್ತಾರೆ) ಅಂತ ಹೆಸರಿಟ್ಟಿದ್ದಾಳೆ. ಅದನ್ನು ದಾಟಲು ಆಗುತ್ತಿಲ್ಲ. ಕಲ್ಲು ತನ್ನನ್ನೇ ಹುಡುಕಿಕೊಂಡು ಬರುತ್ತದೆ, ಆಟ ಮೋಸ ಮಾಡುತ್ತದೆ ಅಂತ ಅಳುತ್ತಾಳೆ. ಮೊನ್ನೆ ಕಂಟ್ರೋಲರ್ ಎಸೆದಳು. ಪಕ್ಕದ ಮನೆಯ ಹುಡುಗ ಕಂಟ್ರೋಲರ್ ಹಾಳಾಗಿದೆ ಎನ್ನುತ್ತಾನೆ. ಬೇಕಾದರೆ ಹ್ಯಾಕ್ ಮಾಡಿ ಪ್ರಾಣ ಮುಗಿಯದ ಹಾಗೆ ಮಾಡಿಕೊಡುತ್ತಾನಂತೆ. ನಮ್ಮವರು ಇದು ದೊಡ್ಡ ಮಕ್ಕಳ ಆಟ, ಎತ್ತಿಡು ಎನ್ನುತ್ತಾರೆ. ನಾನೇ ತಗೊಂಡು ದಾಟಿಸಿ ಕೊಡಲಾ? ಇನ್ನೊಂದು ವಿಷಯ, ಆಕ್ಟೋಪಸ್ ನಿಜವಾಗಿಯೂ ಬಾಹ್ಯಾಕಾಶದಿಂದ ಬಂದ ಜೀವಿ ಅಂತ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಬಂದಿದೆ. ಅದು ನಿಜವಾ ಅಂತ ಮಗಳು ದಿನಾ ಕೇಳುತ್ತಾಳೆ."

ಮೇಡಂ, ನಿಮ್ಮ ಪತ್ರ ಓದಿ ನನಗೆ ನಮ್ಮ ಸ್ಟುಡಿಯೋದ ಪರೀಕ್ಷಾ ಕೋಣೆ ನೆನಪಾಯಿತು. ನಾನು ಬೆಂಗಳೂರಿನಲ್ಲಿ ಹಲವು ವರ್ಷ ಆಟಗಳ ಲೆವೆಲ್ ರೂಪಿಸುವ ಕೆಲಸ ಮಾಡಿದ್ದೇನೆ. ಹೊಸ ಲೆವೆಲ್ ಸಿದ್ಧವಾದಾಗ ಮಕ್ಕಳನ್ನು ಕರೆಸಿ ಆಡಿಸುತ್ತೇವೆ. ನಾವು ಹಿಂದೆ ಕುರ್ಚಿ ಹಾಕಿಕೊಂಡು ಕೂರಬೇಕು, ಬಾಯಿ ಬಿಡಬಾರದು. ಹಾಗೆ ಕೂತಾಗ ನಾನು ಮತ್ತೆ ಮತ್ತೆ ಕಂಡದ್ದು ಒಂದೇ. ಸಣ್ಣ ಮಕ್ಕಳು ಹೆದರಿದಾಗ ಶತ್ರುವನ್ನೇ ದಿಟ್ಟಿಸುತ್ತಾರೆ, ತಮ್ಮ ಆಟಗಾರ ಎಲ್ಲಿ ನಿಂತಿದ್ದಾನೆ ಅಂತ ನೋಡುವುದನ್ನೇ ಮರೆಯುತ್ತಾರೆ. ನಿಮ್ಮ ಮಗಳ ವಿಷಯದಲ್ಲೂ ಅರ್ಧ ಸಮಸ್ಯೆ ಅಲ್ಲೇ ಇರಬೇಕು ಅನ್ನಿಸುತ್ತದೆ.

ನಿಮ್ಮ ಬೊಂಡಾಸ್‌ನ ಆಟದೊಳಗಿನ ಹೆಸರು ಆಕ್ಟೂಂಬಾ. ಆಕ್ಟೋಪಸ್ ಮತ್ತು ಗೂಂಬಾ ಸೇರಿಸಿ ಮಾಡಿದ ಹೆಸರು. ಗೂಂಬಾ ಅಂದರೆ ಮಾರಿಯೋ ಆಟಗಳಲ್ಲಿ ಮೊದಲು ಎದುರಾಗುವ, ಅಣಬೆಯಂಥ ತಲೆಯ ಪುಟ್ಟ ಶತ್ರು. ಅದು ಹುಟ್ಟಿದ್ದು 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ. ಆ ಆಟದ ಕೆಲಸ ಮುಗಿಯುತ್ತಾ ಬಂದಾಗ, ಆಮೆಯಂಥ ಶತ್ರುವನ್ನೇ ಮೊದಲು ಎದುರಿಗೆ ಇಟ್ಟರೆ ಹೊಸಬರಿಗೆ ಕಷ್ಟ ಅಂತ ಮಾಡಿದವರಿಗೆ ಗೊತ್ತಾಯಿತು. ತುಳಿದರೆ ಸಾಕು ಅನ್ನುವಂಥ ಸರಳ ಶತ್ರು ಬೇಕಿತ್ತು. ಹಾಗಾಗಿ ಗೂಂಬಾ ಬಂತು. ಆಟ ತುಂಬುವ ಕ್ಯಾಸೆಟ್‌ನಲ್ಲಿ ಜಾಗ ಎಷ್ಟು ಕಡಿಮೆ ಉಳಿದಿತ್ತು ಅಂದರೆ, ಒಂದೇ ಚಿತ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತಿರುಗಿಸಿ ಅದು ನಡೆಯುವ ಹಾಗೆ ತೋರಿಸಿದರು.

ಗೂಂಬಾ ಒಂದೇ ಪಾಠ ಕಲಿಸುತ್ತದೆ: ಹತ್ತಿರ ಬಂದರೆ ತುಳಿ. ಆಕ್ಟೂಂಬಾ ಅದರ ಮುಂದಿನ ತರಗತಿ. ಅದು ದೂರದಿಂದಲೇ ಹೊಡೆಯುತ್ತದೆ. ಈಗ ಮಗು ಎರಡು ಕೆಲಸ ಮಾಡಬೇಕು. ಮೊದಲು ಕಲ್ಲು ತಪ್ಪಿಸಿಕೊಳ್ಳಬೇಕು, ಆಮೇಲೆ ಹತ್ತಿರ ಹೋಗಬೇಕು. ನಿಮ್ಮ ಮಗಳು ಈ ಎರಡನ್ನೂ ಒಟ್ಟಿಗೇ ಮಾಡಲು ಹೋಗುತ್ತಿದ್ದಾಳೆ. ನೇರ ಓಡುತ್ತಾಳೆ, ಕಲ್ಲು ಎದೆಗೇ ಬಂದು ಬೀಳುತ್ತದೆ.

ಕಲ್ಲು ಹುಡುಕಿಕೊಂಡು ಬರುತ್ತದಾ? ಇಲ್ಲ. ಆಕ್ಟೂಂಬಾ ನಿಮ್ಮ ಕಡೆ ತಿರುಗಿ ಉಗುಳುತ್ತದೆ, ಅಷ್ಟೇ. ಉಗುಳಿದ ಮೇಲೆ ಕಲ್ಲು ದಾರಿ ಬದಲಿಸಿ ಬೆನ್ನು ಹತ್ತುವುದಿಲ್ಲ. ಆದರೆ ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ಹಾಗೇ ಕಾಣುತ್ತಿದೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಆಟದ ನೆಲ ದುಂಡಗಿದೆ. 2000ನೇ ಇಸವಿಯಲ್ಲಿ ನಿಂಟೆಂಡೊ ಒಂದು ಪ್ರದರ್ಶನದಲ್ಲಿ ಸೂಪರ್ ಮಾರಿಯೋ 128 ಅನ್ನುವ ಪ್ರಯೋಗ ತೋರಿಸಿತ್ತು. ಅದರಲ್ಲಿದ್ದ ದುಂಡು ನೆಲದ ಮೇಲೆ ನಡೆಯುವ ಯೋಚನೆಯನ್ನು ಯೋಶಿಯಾಕಿ ಕೊಯಿಜುಮಿ ಮತ್ತು ಅವರ ಟೋಕಿಯೋ ತಂಡ ಬೆಳೆಸಿತು. 2007ರ ನವೆಂಬರ್‌ನಲ್ಲಿ ನಿಂಟೆಂಡೊದ ಹಳೆಯ ವೀ ಯಂತ್ರಕ್ಕೆ ಸೂಪರ್ ಮಾರಿಯೋ ಗ್ಯಾಲಕ್ಸಿ ಬಂತು. ಪುಟ್ಟ ಪುಟ್ಟ ಗ್ರಹಗಳು, ಪ್ರತಿಯೊಂದಕ್ಕೂ ತನ್ನದೇ ಸೆಳೆತ. ದುಂಡು ನೆಲದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಯಾವ ಕಡೆ ನಡೆದರೂ ಅಂಚು ಸಿಗುವುದಿಲ್ಲ, ಸುತ್ತಿ ಬಂದರೆ ಹೊರಟಲ್ಲಿಗೇ ಬರುತ್ತೀರಿ. ಮಕ್ಕಳು ದಾರಿ ತಪ್ಪುವುದು ಕಡಿಮೆ. ನನ್ನ ಮಟ್ಟಿಗೆ ಇದು ಆಟ ಕಟ್ಟುವವರ ಬಹಳ ಸುಂದರವಾದ ಉಪಾಯಗಳಲ್ಲಿ ಒಂದು.

ಆದರೆ ಕಣ್ಣಿಗೆ ಕಷ್ಟ. ಮನೆಯಲ್ಲಿ ಒಂದು ಮೂಸಂಬಿ ತಗೊಳ್ಳಿ, ಚಕ್ಕೋತ ಇದ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ ಒಂದು ದಾರವನ್ನು ಬಿಗಿಯಾಗಿ, ನೇರವಾಗಿ ಹಿಡಿಯಿರಿ. ಈಗ ಹಣ್ಣನ್ನು ಸ್ವಲ್ಪ ಓರೆ ಮಾಡಿ ಮಗಳಿಗೆ ತೋರಿಸಿ. ನೇರ ಇದ್ದ ದಾರ ಬಾಗಿದ ಹಾಗೆ ಕಾಣುತ್ತದೆ, ಅಲ್ವಾ? ಕಲ್ಲಿನ ದಾರಿಯೂ ಅವಳಿಗೆ ಹಾಗೇ ಕಾಣುತ್ತಿದೆ. ಜೊತೆಗೆ ಗ್ರಹ ಸಣ್ಣದಾದರೆ ಶತ್ರು ಆ ಕಡೆಯ ಇಳಿಜಾರಿನಲ್ಲಿ ಅಡಗಿರುತ್ತದೆ. ಅದರ ತಲೆ ಮಾತ್ರ ಕಾಣುತ್ತದೆ, ಇಲ್ಲವೇ ಕಲ್ಲೇ ಮೊದಲು ಕಾಣುತ್ತದೆ. ಎಲ್ಲಿಂದ ಬಂತು ಅಂತ ಗೊತ್ತಾಗದ ಏಟು ಯಾರಿಗಾದರೂ ಮೋಸ ಅಂತಲೇ ಅನ್ನಿಸುತ್ತದೆ.

ಇನ್ನೊಂದು ತೊಡಕೂ ಇದೆ. ಮಾರಿಯೋ ಗ್ರಹದ ಕೆಳಭಾಗಕ್ಕೆ ಹೋದಾಗ ಪರದೆಯಲ್ಲಿ ತಲೆಕೆಳಗಾಗಿ ಕಾಣಿಸಬಹುದು. ಆಗ ಕಂಟ್ರೋಲರ್ ಮೇಲಿನ ಪುಟ್ಟ ಕೋಲನ್ನು, ಅಂದರೆ ಸ್ಟಿಕ್ಕನ್ನು, ಯಾವ ಕಡೆ ತಳ್ಳಿದರೆ ಎಲ್ಲಿ ಹೋಗುತ್ತಾನೆ ಅಂತ ದೊಡ್ಡವರಿಗೂ ಗೊಂದಲವಾಗುತ್ತದೆ. ಅಂಥ ಹೊತ್ತಲ್ಲಿ ಸ್ಟಿಕ್ ಪೂರ್ತಿ ಬಿಟ್ಟು, ಒಂದು ಕ್ಷಣ ನಿಂತು, ಮತ್ತೆ ತಳ್ಳಬೇಕು. ಮಕ್ಕಳು ಗಾಬರಿಯಲ್ಲಿ ಇದರ ಉಲ್ಟಾ ಮಾಡುತ್ತಾರೆ, ಇನ್ನೂ ಜೋರಾಗಿ ತಳ್ಳುತ್ತಾರೆ.

ಪ್ರಾಣದ ಲೆಕ್ಕವನ್ನೂ ನೋಡಿ. ಹಿಂದಿನ ಸೂಪರ್ ಮಾರಿಯೋ 64ರಲ್ಲಿ ಮಾರಿಯೋಗೆ 8 ಭಾಗ ಶಕ್ತಿ ಇತ್ತು. ಗ್ಯಾಲಕ್ಸಿಯಲ್ಲಿ 3 ಮಾತ್ರ. ಮೂರು ಕಲ್ಲು ಬಿದ್ದರೆ ಮುಗಿಯಿತು. ಆದರೆ ಅದೇ ಆಟ ಒಂದು ಔಷಧವನ್ನೂ ಇಟ್ಟಿದೆ, ಬಹಳ ಮಕ್ಕಳಿಗೆ ಅದು ಗೊತ್ತಾಗುವುದೇ ಇಲ್ಲ. ಒಂದು ನಾಣ್ಯ ತಗೊಂಡರೆ ಹೋದ ಶಕ್ತಿಯಲ್ಲಿ ಒಂದು ಭಾಗ ವಾಪಸ್ ಬರುತ್ತದೆ. ಈ ಆಟದ ಸಣ್ಣ ಶತ್ರುಗಳನ್ನು ತಲೆ ಮೇಲೆ ಹಾರಿ ತುಳಿದರೆ ಸಾಮಾನ್ಯವಾಗಿ ನಾಣ್ಯ ಬೀಳುತ್ತದೆ. ಗಿರ್ರನೆ ಸುತ್ತಿ ಮಂಕಾಗಿಸಿ, ಆಮೇಲೆ ಒದ್ದರೆ ಸ್ಟಾರ್ ಬಿಟ್ ಅನ್ನುವ ಬಣ್ಣದ ಹರಳುಗಳು ಬೀಳುತ್ತವೆ. ಅವು 50 ಆದರೆ ಒಂದು ಹೆಚ್ಚುವರಿ ಪ್ರಾಣ. ಅಂದರೆ ಕಷ್ಟದ ದಾರಿಗೆ ಔಷಧ, ಸುಲಭದ ದಾರಿಗೆ ಉಳಿತಾಯ. ಏಟು ತಿಂದಿದ್ದರೆ ತುಳಿಯುವುದು ಲಾಭ, ಶಕ್ತಿ ಪೂರ್ತಿ ಇದ್ದರೆ ಸುತ್ತುವುದು ಲಾಭ. ಈ ಒಂದು ಮಾತನ್ನು ಮಗಳಿಗೆ ಹೇಳಿ ನೋಡಿ. ಶತ್ರು ಅಂದರೆ ಹೆದರಿಕೆ ಮಾತ್ರ ಅಂದುಕೊಂಡವಳಿಗೆ ಅದರಿಂದ ನನಗೆ ಏನು ಸಿಗುತ್ತದೆ ಅನ್ನುವ ಲೆಕ್ಕ ಶುರುವಾಗುತ್ತದೆ.

ಕಂಟ್ರೋಲರ್ ವಿಷಯಕ್ಕೆ ಬರುತ್ತೇನೆ. ಹೊಸದು ಕೊಳ್ಳುವ ಮೊದಲು ಪರೀಕ್ಷೆ ಮಾಡಿ. ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್ ಅನ್ನುವ ಕಡೆ ಹೋಗಿ, ಸ್ಟಿಕ್ ಕ್ಯಾಲಿಬ್ರೇಟ್ ಮಾಡುವ, ಅಂದರೆ ಅದರ ನಡುವನ್ನು ಸರಿಹೊಂದಿಸುವ, ಜಾಗ ತೆರೆಯಿರಿ. ಸ್ಟಿಕ್ ಮುಟ್ಟದೆ ಸುಮ್ನೆ ಬಿಟ್ಟಾಗ ಪರದೆಯ ಗುರುತು ನಡುವೆ ನಿಲ್ಲಬೇಕು. ತಾನಾಗೇ ಒಂದು ಕಡೆ ಸರಿಯುತ್ತಿದ್ದರೆ ಪಕ್ಕದ ಮನೆಯ ಹುಡುಗ ಹೇಳಿದ್ದು ಸರಿ. ಸ್ವಿಚ್ ಜೊತೆ ಬರುವ ಜಾಯ್-ಕಾನ್ ಅನ್ನುವ ಕಂಟ್ರೋಲರ್‌ಗಳ ಸ್ಟಿಕ್‌ಗಳಲ್ಲಿ ಈ ತೊಂದರೆ ಇರುವುದು ನಿಜ, ಅದು ಕಟ್ಟುಕಥೆ ಅಲ್ಲ. ಮೊದಲು ಕ್ಯಾಲಿಬ್ರೇಟ್ ಮಾಡಿ, ಆಗದಿದ್ದರೆ ರಿಪೇರಿ. ಗುರುತು ನಡುವೆಯೇ ನಿಂತರೆ ಕಂಟ್ರೋಲರ್ ತಪ್ಪಿಲ್ಲ, ದುಡ್ಡು ಉಳಿಸಿ.

ಟಿವಿಯನ್ನೂ ನೋಡಿ. ಬಹಳ ಟಿವಿಗಳು ಚಿತ್ರವನ್ನು ಚಂದ ಮಾಡಲು ಒಂದಿಷ್ಟು ಹೊತ್ತು ತಗೊಳ್ಳುತ್ತವೆ. ಸಿನಿಮಾಗೆ ಅದು ಗೊತ್ತಾಗುವುದಿಲ್ಲ. ಆಟದಲ್ಲಿ ಮಾತ್ರ ಬಟನ್ ಒತ್ತಿದ್ದಕ್ಕೂ ಮಾರಿಯೋ ಹಾರಿದ್ದಕ್ಕೂ ನಡುವೆ ಸಣ್ಣ ಅಂತರ ಬೀಳುತ್ತದೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ. ಖರ್ಚಿಲ್ಲ. ನನಗೆ ಪತ್ರ ಬರೆಯುವ ಅನೇಕರಿಗೆ ಇದೊಂದೇ ಬದಲಾವಣೆಯಿಂದ ಆಟ ಹಗುರಾಗಿದೆ.

ಈಗ ಆಕ್ಟೂಂಬಾವನ್ನು ಎದುರಿಸುವ ಬಗೆ. ಮಗಳಿಗೆ ಎಲ್ಲವನ್ನೂ ಒಂದೇ ದಿನ ಹೇಳಬೇಡಿ. ಮೊದಲ ದಿನ ಅವಳು ಅದನ್ನು ಸೋಲಿಸುವುದೇ ಬೇಡ. ದೂರ ನಿಂತು, ಕಲ್ಲು ಬಂದಾಗ ಪಕ್ಕಕ್ಕೆ ಸರಿಯುವುದನ್ನು ಮಾತ್ರ ಆಡಲಿ. ಎಷ್ಟು ಕಲ್ಲು ತಪ್ಪಿಸಿಕೊಂಡೆ ಅಂತ ಇಬ್ಬರೂ ಎಣಿಸಿ. ಹಾಗೆ ನೋಡುತ್ತಾ ಇದ್ದರೆ ಅವಳಿಗೇ ಒಂದು ತಾಳ ಸಿಗುತ್ತದೆ. ಅದು ಇವಳನ್ನು ಕಾಣುತ್ತದೆ, ಸಿದ್ಧವಾಗುತ್ತದೆ, ಉಗುಳುತ್ತದೆ, ಆಮೇಲೆ ಸ್ವಲ್ಪ ಸುಮ್ಮನಿರುತ್ತದೆ. ಆ ಸುಮ್ಮನಿರುವ ಹೊತ್ತನ್ನು ನಾವು ಆಟ ಮಾಡುವವರು ಬೇಕೆಂದೇ ಇಡುತ್ತೇವೆ. ಅದು ಆಡುವವರಿಗೆ ಬಿಟ್ಟ ಬಾಗಿಲು.

ಎರಡನೆಯ ದಿನ ಆ ಬಾಗಿಲಲ್ಲಿ ನುಗ್ಗುವುದು. ಕಲ್ಲು ಪಕ್ಕದಲ್ಲಿ ಹಾದುಹೋದ ಕೂಡಲೇ ಓಡಿ, ಹತ್ತಿರ ಬಂದಾಗ ವೈ ಬಟನ್ ಒತ್ತಿ ಒಮ್ಮೆ ಸುತ್ತಿ, ಮಂಕಾದ ಮೇಲೆ ಮೈಮೇಲೇ ಓಡಿದರೆ ಮಾರಿಯೋ ಅದನ್ನು ಒದೆಯುತ್ತಾನೆ. ಇಲ್ಲಿ ಒಂದು ಗುಟ್ಟು ಇದೆ. ಮಾರಿಯೋ ಸುತ್ತುವ ಶಕ್ತಿ ಅವನ ಟೋಪಿಯೊಳಗೆ ಅಡಗಿರುವ ಲೂಮಾ ಅನ್ನುವ ನಕ್ಷತ್ರದ ಮರಿಯದು. ಒಮ್ಮೆ ಸುತ್ತಿದ ಮೇಲೆ ಅದಕ್ಕೆ ಸ್ವಲ್ಪ ಬಿಡುವು ಬೇಕು. ಗಾಬರಿಯಲ್ಲಿ ಪಟಪಟ ಅಂತ ಒತ್ತುತ್ತಲೇ ಇದ್ದರೆ ಬೇಕಾದ ಕ್ಷಣಕ್ಕೆ ಸುತ್ತು ಬರುವುದಿಲ್ಲ. ನಿಮ್ಮ ಮಗಳು ಮೋಸ ಎನ್ನುವುದರಲ್ಲಿ ಇದೂ ಸೇರಿರಬಹುದು. ಒಂದು ಸಲ ಒತ್ತು, ಕಾಯಿ, ಮತ್ತೆ ಒತ್ತು ಅಂತ ಹೇಳಿಕೊಡಿ.

ತುಳಿಯುವುದು ಕೊನೆಗೆ. ಮೂರು ಆಯಾಮದ ಆಟದಲ್ಲಿ ಶತ್ರುವಿನ ತಲೆ ಮೇಲೆ ಸರಿಯಾಗಿ ಇಳಿಯುವುದು ಕಷ್ಟ, ದೂರದ ಅಂದಾಜು ಸಿಗುವುದಿಲ್ಲ. ಅದಕ್ಕೆ ಮಾರಿಯೋನ ನೆರಳು ನೋಡಬೇಕು. ಅವನು ಹಾರಿದಾಗ ನೆರಳು ಯಾವಾಗಲೂ ನೇರ ಅವನ ಕಾಲ ಕೆಳಗಿನ ನೆಲದ ಮೇಲೆ ಬೀಳುತ್ತದೆ. ಅವನು ಎಲ್ಲಿ ಇಳಿಯುತ್ತಾನೆ ಅಂತ ಹೇಳಲಿಕ್ಕೇ ಅದನ್ನು ಇಟ್ಟಿದ್ದಾರೆ. ನೆರಳು ಬೊಂಡಾಸ್ ಮೇಲೆ ಬಂತಾ ನೋಡು ಅಂದರೆ ಸಾಕು, ಅವಳ ಕಣ್ಣು ತಾನಾಗೇ ಸರಿಯಾದ ಜಾಗಕ್ಕೆ ಬರುತ್ತದೆ.

ನೀವೇ ತಗೊಂಡು ದಾಟಿಸಿ ಕೊಡಲಾ ಅಂತ ಕೇಳಿದ್ದೀರಿ. ಬೇಡ ಮೇಡಂ. ಆ ಹೊತ್ತಿಗೆ ಅಳು ನಿಲ್ಲುತ್ತದೆ, ನಿಜ. ಆದರೆ ಮುಂದಿನ ಗ್ರಹದಲ್ಲಿ ಇನ್ನೊಂದು ಆಕ್ಟೂಂಬಾ ಕಾದಿರುತ್ತದೆ, ಮತ್ತೆ ನಿಮ್ಮ ಕೈಗೇ ಬರುತ್ತದೆ. ಅದಕ್ಕಿಂತ ಚೆನ್ನಾದ ದಾರಿ ಆಟದೊಳಗೇ ಇದೆ. ಇಬ್ಬರು ಆಡುವ ವ್ಯವಸ್ಥೆಯಲ್ಲಿ ಮಾರಿಯೋ ಅವಳ ಕೈಯಲ್ಲೇ ಇರುತ್ತಾನೆ. ನೀವು ಎರಡನೇ ಕಂಟ್ರೋಲರ್ ಹಿಡಿದು ಪರದೆಯ ಮೇಲೆ ಒಂದು ಗುರುತನ್ನು ಆಡಿಸಬಹುದು. ಅದರಿಂದ ಸ್ಟಾರ್ ಬಿಟ್ ಹೆಕ್ಕಬಹುದು, ಶತ್ರುವಿನ ಮೇಲೆ ಎಸೆದು ಅದನ್ನು ಸ್ವಲ್ಪ ಹೊತ್ತು ಮಂಕಾಗಿಸಬಹುದು. ಇದರಲ್ಲೂ ಒಂದು ಅಪಾಯ ಇದೆ, ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡವರು ಉತ್ಸಾಹದಲ್ಲಿ ಎಲ್ಲ ಶತ್ರುಗಳನ್ನೂ ತಾವೇ ಹೊಡೆದುಬಿಡುತ್ತಾರೆ, ಮಗು ಸುಮ್ಮನೆ ನಡೆದುಕೊಂಡು ಹೋಗುತ್ತದೆ. ಹರಳು ಹೆಕ್ಕುವುದು ನಿಮ್ಮ ಕೆಲಸ. ಅವಳು "ಅಮ್ಮ, ಈಗ ಹೊಡಿ" ಎಂದಾಗ ಮಾತ್ರ ಹೊಡೆಯಿರಿ.

ನಿಮ್ಮಲ್ಲಿರುವ ಹೊಸ ಆವೃತ್ತಿಯಲ್ಲಿ ಅಸಿಸ್ಟ್ ಮೋಡ್ ಅಂತ ಒಂದಿದೆ. ಅದನ್ನು ಹಾಕಿದರೆ ಮಾರಿಯೋಗೆ ಶಕ್ತಿ ಜಾಸ್ತಿ ಸಿಗುತ್ತದೆ, ಕೆಳಗೆ ಬಿದ್ದರೂ ವಾಪಸ್ ಬರುತ್ತಾನೆ. ಇದನ್ನು ಹಾಕುವುದರಲ್ಲಿ ಯಾವ ಅವಮಾನವೂ ಇಲ್ಲ. ಕಲ್ಲು ಹಾಗೇ ಬರುತ್ತದೆ, ತಾಳ ಹಾಗೇ ಇರುತ್ತದೆ, ಕಲಿಯಲು ಇನ್ನಷ್ಟು ಅವಕಾಶ ಸಿಗುತ್ತದೆ ಅಷ್ಟೇ. ಎಂಟು ವರ್ಷದ ಮಗುವಿಗೆ ನಾನಾಗಿದ್ದರೆ ಇವತ್ತೇ ಹಾಕುತ್ತಿದ್ದೆ. ಅಭ್ಯಾಸವಾದ ಮೇಲೆ ಬೇಡ ಅಂತ ಅವಳೇ ತೆಗೆಸುತ್ತಾಳೆ. ಆದರೆ ಅವಳನ್ನು ಕೇಳಿ ಹಾಕಿ. ಕದ್ದು ಹಾಕಿದ್ದು ಆಮೇಲೆ ಗೊತ್ತಾದರೆ ಮಕ್ಕಳಿಗೆ ತುಂಬಾ ನೋವಾಗುತ್ತದೆ.

ಬಿಟ್ಟು ಮುಂದೆ ಹೋಗುವುದೂ ಒಂದು ದಾರಿ. ಆಟದ ಮೊದಲ ಭಾಗದಲ್ಲಿ ಗೆಲ್ಲಲು ಒಟ್ಟು 121 ನಕ್ಷತ್ರಗಳಿವೆ. ಕೊನೆಯ ಹೋರಾಟಕ್ಕೆ ಹೋಗಲು ಬೇಕಾಗುವುದು 60 ಮಾತ್ರ. ಒಂದು ಕಡೆ ಸಿಕ್ಕಿಬಿದ್ದರೆ ಆಟದೊಳಗಿನ ಇನ್ನೊಂದು ಗ್ಯಾಲಕ್ಸಿಗೆ, ಅಂದರೆ ಇನ್ನೊಂದು ಗ್ರಹಗಳ ಗುಂಪಿಗೆ ಹೋಗಿ ಆಡಿ, ಹದಿನೈದು ದಿನ ಬಿಟ್ಟು ವಾಪಸ್ ಬಂದರೆ ಏನೂ ನಷ್ಟವಿಲ್ಲ.

ಹ್ಯಾಕ್ ಮಾತ್ರ ಖಂಡಿತ ಬೇಡ. ಹುಡುಗನ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಯಂತ್ರದ ಒಳಗಿನ ವ್ಯವಸ್ಥೆ ಬದಲಿಸಿದ್ದು ಗೊತ್ತಾದರೆ ನಿಂಟೆಂಡೊ ಆ ಯಂತ್ರವನ್ನು ಆನ್‌ಲೈನ್ ಸೇವೆಗಳಿಂದಲೇ ಹೊರಗಿಡಬಹುದು. ಏನಾದರೂ ಎಡವಟ್ಟಾದರೆ ಯಂತ್ರವೇ ಕೆಡಬಹುದು. ದುಬೈಯಿಂದ ಬಂದ ಯಂತ್ರಕ್ಕೆ ಇಲ್ಲಿ ರಿಪೇರಿ ಹುಡುಕುವುದು ಸುಲಭವಿಲ್ಲ.

ದೊಡ್ಡ ಮಕ್ಕಳ ಆಟ ಅನ್ನುವ ಮಾತು ನಿಜವಲ್ಲ. ಈ ಆಟ ಮೊದಲು ಬಂದಾಗ ಯುರೋಪಿನ ವಯಸ್ಸಿನ ಗುರುತು ಪೆಗಿ 3, ಅಂದರೆ ಮೂರು ವರ್ಷದಿಂದ ಮೇಲಿನವರಿಗೆ, ಅಂತ ಇತ್ತು. ಆದರೆ ಆ ಗುರುತು ಹೇಳುವುದು ಆಟದಲ್ಲಿ ಮಕ್ಕಳಿಗೆ ಆಗದಂಥದ್ದು ಏನೂ ಇಲ್ಲ ಅಂತ. ಸುಲಭವಾಗಿದೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ನಿಮ್ಮವರ ಮಾತಿನಲ್ಲಿ ಒಂದು ಸರಿಯಾದ ಕಾಳಜಿಯೂ ಇದೆ. ಎಂಟು ವರ್ಷಕ್ಕೆ ಇದು ಕಷ್ಟವೇ. ಅಳುತ್ತಾ ಆಡುವುದರಲ್ಲಿ ಏನೂ ಕಲಿಯುವುದಿಲ್ಲ. ಎರಡು ಮೂರು ಸಲ ಒಂದೇ ಜಾಗದಲ್ಲಿ ಸೋತ ಕೂಡಲೇ ನಿಲ್ಲಿಸುವುದು ಒಳ್ಳೆಯದು, ಶಿಕ್ಷೆಯ ಹಾಗಲ್ಲ, ನೀರು ಕುಡಿದು ಬಾ ಅನ್ನುವ ಹಾಗೆ. ಕಂಟ್ರೋಲರ್ ಎಸೆದರೆ ಆ ದಿನದ ಆಟ ಮುಗಿಯಿತು ಅಂತ ಮೊದಲೇ, ಅವಳು ನಗುನಗುತ್ತಾ ಇರುವಾಗ ಹೇಳಿಟ್ಟಿರಿ. ನಿಂಟೆಂಡೊ ತಾನೇ ಗಂಟೆಗೊಮ್ಮೆ 10ರಿಂದ 15 ನಿಮಿಷ ಬಿಡುವು ಕೊಡಿ ಎನ್ನುತ್ತದೆ. ಇಷ್ಟು ಸಣ್ಣವರಿಗೆ ಅರ್ಧ ಗಂಟೆಗೇ ಬಿಡುವು ಸಿಕ್ಕರೆ ಒಳ್ಳೆಯದು. ನೀವು ಬರೆದಿಲ್ಲ, ಆದರೂ ಕೇಳಿ ನೋಡಿ: ತಲೆ ಸುತ್ತುತ್ತದಾ, ಹೊಟ್ಟೆ ತೊಳಸುತ್ತದಾ? ಗ್ರಹ ತಿರುಗುವ ಈ ಆಟದಲ್ಲಿ ಕೆಲವರಿಗೆ ಹಾಗಾಗುತ್ತದೆ, ಮಕ್ಕಳು ಅದನ್ನು ಬಾಯಿಬಿಟ್ಟು ಹೇಳದೆ ಸಿಟ್ಟಾಗುತ್ತಾರೆ. ದೀಪ ಹಾಕಿಕೊಂಡು, ಟಿವಿಯಿಂದ ದೂರ ಕೂತು ಆಡಲಿ. ಆಗಲೂ ಹಾಗೇ ಆದರೆ ಈ ಆಟ ಸದ್ಯಕ್ಕೆ ಬೇಡ. ಆಟ ಬಿಟ್ಟ ಮೇಲೂ ತಲೆಸುತ್ತು ಉಳಿದರೆ ಡಾಕ್ಟರಿಗೆ ತೋರಿಸಿ.

ಕೊನೆಗೆ ಮಗಳ ಪ್ರಶ್ನೆ. ಆಕ್ಟೋಪಸ್ ಬಾಹ್ಯಾಕಾಶದಿಂದ ಬಂದದ್ದಲ್ಲ. 2018ರಲ್ಲಿ ಕೆಲವು ವಿಜ್ಞಾನಿಗಳು, ಆಕ್ಟೋಪಸ್‌ನ ಹೆಪ್ಪುಗಟ್ಟಿದ ಮೊಟ್ಟೆಗಳು ಆಕಾಶದಿಂದ ಬಂದಿರಬಹುದು ಅಂತ ಒಂದು ಲೇಖನ ಬರೆದರು. ಸುದ್ದಿ ಎಲ್ಲೆಡೆ ಹರಡಿತು, ನಿಮಗೆ ಬಂದ ವಿಡಿಯೋದ ಮೂಲವೂ ಅದೇ ಇರಬಹುದು. ಉಳಿದ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. 2015ರಲ್ಲೇ ಒಂದು ಜಾತಿಯ ಆಕ್ಟೋಪಸ್‌ನ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ತಿ ಬರಹ, ಓದಿ ಮುಗಿಸಿದ್ದರು. ಅದು ಬಸವನ ಹುಳು, ನಿಮ್ಮೂರಿನ ಚಿಪ್ಪಿನ ಮಳಿ, ಬೊಂಡಾಸ್ ಇವುಗಳ ಬಳಗಕ್ಕೇ ಸೇರಿದ ಭೂಮಿಯ ಜೀವಿ.

ಆದರೆ ಆಕಾಶದ ಜೀವಿ ಅಂದ ಕೂಡಲೇ ಆಟ ಮಾಡುವವರಿಗೆ ಆಕ್ಟೋಪಸ್ ನೆನಪಾಗುವುದು ಹಳೆಯ ಅಭ್ಯಾಸ. 1898ರಲ್ಲಿ ಪುಸ್ತಕವಾಗಿ ಬಂದ ಎಚ್. ಜಿ. ವೆಲ್ಸ್ ಅವರ ದಿ ವಾರ್ ಆಫ್ ದಿ ವರ್ಲ್ಡ್ಸ್ ಕಾದಂಬರಿಯಲ್ಲಿ ಮಂಗಳ ಗ್ರಹದವರಿಗೆ ಬಳ್ಳಿಯಂಥ ಕೈಗಳಿದ್ದವು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ಸ್ಪೇಸ್ ಇನ್ವೇಡರ್ಸ್ ಅನ್ನುವ ಆಟ ಮಾಡಿದಾಗ ಆ ಕಾದಂಬರಿಯನ್ನು ನೆನೆದು ಆಕ್ಟೋಪಸ್, ಬೊಂಡಾಸ್, ಏಡಿಗಳ ಆಕಾರದಲ್ಲಿ ಶತ್ರುಗಳನ್ನು ಬಿಡಿಸಿದರು. ಕಲ್ಲು ಉಗುಳುವ ಆಕ್ಟೋಪಸ್ ಕೂಡ ನಿಂಟೆಂಡೊಗೆ ಹೊಸದಲ್ಲ. 1986ರ ದಿ ಲೆಜೆಂಡ್ ಆಫ್ ಜೆಲ್ಡಾ ಆಟದಲ್ಲೇ ಆಕ್ಟೊರಾಕ್ ಅನ್ನುವ ಶತ್ರು ಇದೇ ಕೆಲಸ ಮಾಡುತ್ತಿತ್ತು.

ಇನ್ನು ನಿಜವಾದ ಆಕ್ಟೋಪಸ್ ಏನಾದರೂ ಎಸೆಯುತ್ತದಾ ಅಂತ ಮಗಳು ಮುಂದೆ ಕೇಳಿಯೇ ಕೇಳುತ್ತಾಳೆ. ಎಸೆಯುತ್ತದೆ! ಆಸ್ಟ್ರೇಲಿಯಾದ ಜರ್ವಿಸ್ ಕೊಲ್ಲಿಯಲ್ಲಿ ನೀರೊಳಗೆ ಕ್ಯಾಮೆರಾ ಇಟ್ಟು ನೋಡಿದ ವಿಜ್ಞಾನಿಗಳು 2022ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿನ ಆಕ್ಟೋಪಸ್‌ಗಳು ಕೆಸರು, ಚಿಪ್ಪುಗಳನ್ನು ಕೈಯಲ್ಲಿ ಕೂಡಿಸಿಕೊಂಡು, ಮೈಯಲ್ಲಿರುವ ನಳಿಕೆಯಿಂದ ರಭಸವಾಗಿ ನೀರು ಬಿಟ್ಟು ದೂರ ಚಿಮ್ಮಿಸುತ್ತವೆ. ಕೆಲವು ಸಲ ಅದು ಪಕ್ಕದ ಆಕ್ಟೋಪಸ್‌ಗೇ ಹೋಗಿ ಬೀಳುತ್ತದೆ. ಏಟು ಬೀಳುವುದು ಗೊತ್ತಾದಾಗ ಆ ಪಕ್ಕದ ಆಕ್ಟೋಪಸ್ ತಲೆ ತಗ್ಗಿಸುವುದೂ ಉಂಟು.